ಬೋರ್ಡು ಬಿಡದ ಮಾವ

ಯಾವ ಊರಿನ ಯಾವ ಪ್ರೇಕ್ಷಣೀಯ ಸ್ಥಳಕ್ಕೇ ಹೋಗಿ, ಜನರೆಲ್ಲ ಒಂದು ಕಡೆ ಮುಖ ಮಾಡಿ ನಿಂತಿದ್ದರೆ ಒಬ್ಬರು ಮಾತ್ರ ಅದಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ. ಕೈ ಹಿಂದಕ್ಕೆ ಕಟ್ಟಿರುತ್ತದೆ, ಕನ್ನಡಕ ಮೂಗಿನ ತುದಿಗೆ ಇಳಿದಿರುತ್ತದೆ, ತುಟಿ ಅಲುಗುತ್ತಿರುತ್ತದೆ. ಅವರು ಬೋರ್ಡು ಓದುತ್ತಿದ್ದಾರೆ. ಬೇಲೂರಿನಲ್ಲಿ ದರ್ಪಣ ಸುಂದರಿ ಮೇಲೆ ನಿಂತು ಮುಖ ನೋಡಿಕೊಳ್ಳುತ್ತಿದ್ದರೆ, ಇವರು ಕೆಳಗೆ ನೀಲಿ ಫಲಕದ ಮುಂದೆ ನಿಂತು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಓದುತ್ತಿರುತ್ತಾರೆ. 2010ರ ತಿದ್ದುಪಡಿಯಾದ ಮೇಲೆ ಸ್ಮಾರಕ ಕೆಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಎಂಬುದನ್ನು ವಾಪಸು ಬರುವ ಬಸ್ಸಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳುತ್ತಾರೆ. ಇಂಥವರನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿದರೆ, ಡಾಕ್ಟರು ಕರೆಯುವ ಹೊತ್ತಿಗೆ ಗೋಡೆಯ ಮೇಲಿನ ಬಾಣಂತಿಯರ ಪಥ್ಯದ ಪಟ್ಟಿ ಬಾಯಿಪಾಠವಾಗಿರುತ್ತದೆ.

ಮನೆಗೊಬ್ಬರು ಇಂಥವರು ಇದ್ದೇ ಇರುತ್ತಾರೆ. ನಮ್ಮ ಮನೆಯ ಕೋಟಾವನ್ನು ನಮ್ಮ ಮಾವ ತುಂಬಿದ್ದಾರೆ.

ಮಾವ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಇದ್ದು ನಿವೃತ್ತರಾದವರು. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಓಣಿ ಅಂತ ಬರೆಯುವ ಕಡೆ ಪಶ್ಚಿಮಕ್ಕೆ ಅಂತ ಬಿದ್ದರೆ ಎರಡು ತಲೆಮಾರು ಕೋರ್ಟು ಅಲೆಯುತ್ತದೆ ಎಂದು ಕಣ್ಣಾರೆ ಕಂಡವರು. ಬರೆದದ್ದನ್ನು ಓದದೆ ಮುಂದಕ್ಕೆ ಹೋದವನು ಉದ್ಧಾರವಾದ ಉದಾಹರಣೆ ಅವರ ಸರ್ವೀಸಿನಲ್ಲೇ ಇಲ್ಲ. ಬೋರ್ಡು ಓದುವವರಲ್ಲಿ ಮನಸ್ಸಿನಲ್ಲೇ ಓದುವವರು, ಗಟ್ಟಿಯಾಗಿ ಓದುವವರು ಎಂದು ಎರಡು ಪಂಗಡ. ಮೊದಲನೆಯವರಿಂದ ಯಾರಿಗೂ ತೊಂದರೆಯಿಲ್ಲ. ಮಾವ ಎರಡನೆಯ ಪಂಗಡ. ಎಡಗಡೆಯ ಮೇಲಿನ ಮೂಲೆಯಿಂದ ಶುರು ಮಾಡಿ, ಬಲಗಡೆಯ ಕೆಳಗಿನ ಮೂಲೆಯಲ್ಲಿ ಫೋಟೊ ತೆಗೆದವರ ಹೆಸರಿನವರೆಗೆ. ನಡುವೆ ನಾವು ಎರಡು ಹೆಜ್ಜೆ ಮುಂದೆ ಹೋದರೆ, "ಇನ್ನೂ ಮುಗಿದಿಲ್ಲ ಬನ್ನಿ" ಎಂದು ವಾಪಸು ಕರೆಯುತ್ತಾರೆ. ಫಾರಂ ತುಂಬದೆ ಕೌಂಟರಿಗೆ ಬಂದವರನ್ನು ಕರೆಯುತ್ತಿದ್ದ ಅದೇ ದನಿ.

ಅವರೂ ಅತ್ತೆಯೂ ಬೇಸಿಗೆಗೆ ಅಮೆರಿಕದ ಡೆನ್ವರ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದಾಗ ಒಂದು ಶನಿವಾರ ಫ್ಲೋರಿಸೆಂಟ್‌ಗೆ ಕರೆದುಕೊಂಡು ಹೋದೆವು. ಕೊಲರಾಡೊ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕೆ ಬೆಟ್ಟ ಹತ್ತಿದರೆ ಸಿಗುವ ಪಳೆಯುಳಿಕೆಗಳ ರಾಷ್ಟ್ರೀಯ ಸ್ಮಾರಕ ಅದು. ಪುಟ್ಟ ಮ್ಯೂಸಿಯಂ, ಸುತ್ತ ಪಾಂಡೆರೋಸಾ ಪೈನ್ ಮರಗಳ ನಡುವೆ ಕಾಲುದಾರಿಗಳು. ಹತ್ತು ನಿಮಿಷಕ್ಕೆ ಮ್ಯೂಸಿಯಂ, ಒಂದು ಮೈಲಿಯ ಸುತ್ತು ನಡಿಗೆ, ಪುಳಿಯೋಗರೆ, ಮನೆ; ಇದು ನನ್ನ ಹೆಂಡತಿಯ ಲೆಕ್ಕ. ಮಗಳು ಅಮ್ಮನಾದರೇನು, ಅಪ್ಪನನ್ನು ಮರೆತು ಲೆಕ್ಕ ಹಾಕಿದ್ದಳು.

ಮ್ಯೂಸಿಯಂ ತಲುಪುವುದಕ್ಕೆ ಮೊದಲೇ ರಸ್ತೆ ಪಕ್ಕ ಒಂದು ಹಳೆಯ ಮರದ ದಿಮ್ಮಿಯ ಮನೆ, ಅದರ ಮುಂದೊಂದು ಬೋರ್ಡು. "ಗಾಡಿ ನಿಲ್ಲಿಸಿ" ಅಂದರು ಮಾವ. ಆಡಲೀನ್ ಹಾರ್ನ್‌ಬೆಕ್ ಎಂಬಾಕೆ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಒಂಟಿ ಹೆಂಗಸಾಗಿ 1878ರಲ್ಲಿ ನೆಲೆ ನಿಂತ ಜಾಗ ಅದು. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಸರ್ಕಾರ 160 ಎಕರೆ ಕೊಡುತ್ತಿತ್ತು. ಐದು ವರ್ಷ ಅಲ್ಲೇ ವಾಸವಿದ್ದು ಬೇಸಾಯ ಮಾಡಿದರೆ ಹಕ್ಕುಪತ್ರ.

"ನಮ್ಮ ದರಖಾಸ್ತು ಜಮೀನೇ ಕಣೇ ಇದು!" ಮಾವನ ಮುಖ ಅರಳಿತು. "ಮೊದಲು ಅರ್ಜಿ, ಆಮೇಲೆ ಸಾಗುವಳಿ ಚೀಟಿ. ಅದೂ ಹೆಂಗಸಿನ ಹೆಸರಿಗೆ ಖಾತೆ. ಭೇಷ್!"

"ಒಳಗೆ ಒಲೆ ಎಲ್ಲಿಟ್ಟಿದ್ದಳೋ" ಎಂದು ಅತ್ತೆ ಆಗಲೇ ಕಿಟಕಿಯಲ್ಲಿ ಇಣುಕುತ್ತಿದ್ದರು.

ಅತ್ತೆಯ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಅವರು ಬೋರ್ಡು ಓದುವುದಿಲ್ಲ. ಇಂಗ್ಲಿಷ್ ಬಾರದು ಅಂತಲ್ಲ, ಕನ್ನಡದ ಬೋರ್ಡನ್ನೂ ಓದುವುದಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಒಬ್ಬರು ಗಟ್ಟಿಯಾಗಿ ಓದುತ್ತಿರುವಾಗ ತಾವೂ ಓದುವುದು ದಂಡ ಎಂದು ಅವರ ಅಭಿಪ್ರಾಯ. ಹಾಗಾಗಿ ಅವರ ಕಣ್ಣಿಗೆ ಬಿಡುವು ಸಿಕ್ಕಿ, ಬೇರೆ ಏನೇನೋ ಕಾಣುತ್ತದೆ.

ಮ್ಯೂಸಿಯಂ ಒಳಗೆ ಹೋದ ಮೇಲೆ ದಂಪತಿ ಎರಡು ದಾರಿಯಾದರು. ಮಾವ ಮೊದಲ ಫಲಕದ ಮುಂದೆ ನಿಂತು ಕೆಳತುದಿ ನೋಡಿ, "ಉದ್ಘಾಟಿಸಿದವರು ಯಾರು, ಅಧ್ಯಕ್ಷತೆ ಯಾರದು, ಘನ ಉಪಸ್ಥಿತಿ ಯಾರದು, ಒಂದೂ ಹಾಕಿಲ್ಲವಲ್ಲ!" ಎಂದು ಬೇಸರಪಟ್ಟರು. ನಮ್ಮೂರಲ್ಲಿ ಬಸ್ ಸ್ಟಾಪಿನ ಕಲ್ಲಿನಲ್ಲೂ ಇಪ್ಪತ್ತು ಹೆಸರು ಓದಲು ಸಿಗುತ್ತದೆ. ಆದರೆ ಆ ಬೇಸರ ಹೆಚ್ಚು ಹೊತ್ತು ಉಳಿಯಲಿಲ್ಲ. ಈ ಪಳೆಯುಳಿಕೆಗಳ ವಯಸ್ಸು ಮೂರೂಕಾಲು ಕೋಟಿ ವರ್ಷ ಅಲ್ಲ, ಮೂರು ಕೋಟಿ ನಲವತ್ತು ಲಕ್ಷ ವರ್ಷ ಎಂದು ನನ್ನನ್ನು ತಿದ್ದಿ, ಪೂರ್ತಿ ವೃತ್ತಾಂತವನ್ನು ಕನ್ನಡದಲ್ಲಿ ಒಪ್ಪಿಸಿದರು. ಆಗ ಇಲ್ಲಿ ಭಾರಿ ರೆಡ್‌ವುಡ್ ಮರಗಳಿದ್ದವು. ನೈಋತ್ಯದ ಜ್ವಾಲಾಮುಖಿಯಿಂದ ಕೆಸರು ಹರಿದುಬಂದು ಮರಗಳ ಬುಡವನ್ನು ಹದಿನೈದು ಅಡಿಯವರೆಗೂ ಹೂತುಹಾಕಿತು. ಕೆಸರಿನ ಮೇಲೆ ಉಳಿದ ಭಾಗ ಕೊಳೆತು ಹೋಯಿತು. ಹೂತ ಬುಡಕ್ಕೆ ಸಿಲಿಕಾ ಬೆರೆತ ನೀರು ಇಳಿದಿಳಿದು ಕಟ್ಟಿಗೆ ಕಲ್ಲಾಯಿತು. ಆಮೇಲೆ ಇನ್ನೊಂದು ಸಲ ಹರಿದ ಕೆಸರು ಹಳ್ಳಕ್ಕೆ ಅಡ್ಡಗಟ್ಟಿ ಕೆರೆಯಾಯಿತು. ಆ ಕೆರೆಯ ತಳದಲ್ಲಿ ಬೂದಿ, ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಮತ್ತೆ ಬೂದಿ, ಹೀಗೆ ಪದರದ ಮೇಲೆ ಪದರ ಕೂತು ಕಾಗದದಷ್ಟು ತೆಳುವಾದ ಹಾಳೆಗಲ್ಲು ಆಯಿತು. ಎಲೆ, ನೊಣ, ಜೇಡ ಎಲ್ಲ ಆ ಹಾಳೆಗಳ ಮಧ್ಯೆ ಸಿಕ್ಕಿಕೊಂಡಿವೆ. "ರೆಕಾರ್ಡ್ ರೂಮು!" ಎಂದರು ಮಾವ. "ಒಂದು ಗೆದ್ದಲಿಲ್ಲ, ಒಂದು ಸೋರಿಕೆಯಿಲ್ಲ. ನಮ್ಮ ಇಸವಿ ಎಪ್ಪತ್ತರ ವಾಲ್ಯೂಮುಗಳು ನೋಡಬೇಕಿತ್ತು ನೀವು."

ಅತ್ತೆ ಗಾಜಿಗೆ ಮೂಗು ಒತ್ತಿ, ಅದರ ಮೇಲೆ ಉಸಿರಿನ ಮಂಜು ಮೂಡಿಸಿಕೊಂಡು, "ಈ ಕಣಜದ ರೆಕ್ಕೆಯಲ್ಲಿ ನರ ಸಹಿತ ಎಣಿಸಬಹುದು ನೋಡೇ ಪುಟ್ಟಿ" ಎಂದು ಮೊಮ್ಮಗಳಿಗೆ ತೋರಿಸುತ್ತಿದ್ದರು. ಇಲ್ಲಿನ ಕಲ್ಲಿನಲ್ಲಿ ಸೆಟ್ಸಿ ನೊಣವೂ ಸಿಕ್ಕಿದೆ, ಅದು ಈಗ ಇರುವುದು ಬಹುಪಾಲು ಆಫ್ರಿಕಾದಲ್ಲಿ, ಎಂದು ಮಾವ ಆಚೆಯಿಂದ ಕೂಗಿ ಹೇಳಿದರು. ಷಾರ್ಲೆಟ್ ಹಿಲ್ ಎಂಬ ಸ್ಥಳೀಯ ಗೃಹಿಣಿ ಮನೆಯ ಹತ್ತಿರ ಅಗೆದಗೆದು ಒಂದು ಸೊಗಸಾದ ಚಿಟ್ಟೆಯ ಪಳೆಯುಳಿಕೆ ತೆಗೆದದ್ದು, 1878ರಲ್ಲಿ ಸ್ಯಾಮ್ಯುಯೆಲ್ ಸ್ಕಡರ್ ಎಂಬ ವಿಜ್ಞಾನಿ ಅದನ್ನು ವರ್ಣಿಸಿ ಹೆಸರಿಟ್ಟದ್ದು, ಅದೀಗ ಹಾರ್ವರ್ಡ್‌ನಲ್ಲಿರುವುದು ತಿಳಿದಾಗ ಮಾವ ತಲೆಯಾಡಿಸಿದರು. "ಸ್ವಾಧೀನ ಒಬ್ಬರದು, ಖಾತೆ ಇನ್ನೊಬ್ಬರದು. ಎಲ್ಲ ಕಡೆ ಇದೇ."

ಹತ್ತು ನಿಮಿಷ ಎಂದೋ ಮುಗಿದಿತ್ತು. ಇನ್ನೇನು ಹೊರಡಬೇಕು, ಆಗ ಮೇಜಿನ ತುದಿಯಲ್ಲಿದ್ದ ಒಂದು ವಸ್ತು ಮಾವನ ಕಣ್ಣಿಗೆ ಬಿತ್ತು: ದುಂಡನೆಯ ರಬ್ಬರ್ ಸೀಲು, ಪಕ್ಕದಲ್ಲಿ ಇಂಕ್ ಪ್ಯಾಡು. ಇಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಇದೊಂದು ಪದ್ಧತಿ. ಬಂದವರು ತಮ್ಮ ಪುಸ್ತಕಕ್ಕೆ ತಾವೇ ಊರಿನ ಹೆಸರು, ತಾರೀಖಿನ ಮೊಹರು ಒತ್ತಿಕೊಂಡು ಹೋಗಬಹುದು. ಯಾರ ಅಪ್ಪಣೆಯೂ ಬೇಡ, ಯಾರ ಸಹಿಯೂ ಬೇಡ. ಇದನ್ನು ಕೇಳಿ ಮಾವ ಒಂದು ಕ್ಷಣ ಮಾತಾಡಲಿಲ್ಲ. ಸೀಲನ್ನು ಎತ್ತಿ ತಿರುಗಿಸಿ ತಾರೀಖು ಸರಿಯಿದೆಯೇ ನೋಡಿದರು. ಸರಿಯಾಗಿತ್ತು, ಅದರಿಂದ ಅವರಿಗೆ ತುಸು ನಿರಾಸೆಯಾದ ಹಾಗೆ ಕಂಡಿತು. ಪ್ಯಾಡಿನ ಮೇಲೆ ಒಮ್ಮೆ ಆಡಿಸಿ, ಒಂದು ಚೂರು ಕಾಗದದ ಮೇಲೆ ಪರೀಕ್ಷೆ ನೋಡಿ, ಶಾಯಿ ಹೆಚ್ಚಾಯಿತೆಂದು ಇನ್ನೊಮ್ಮೆ ಅದೇ ಚೂರಿನ ಮೇಲೆ ಇಳಿಸಿ, ಜೇಬಿನ ಡೈರಿ ತೆರೆದು, ಹೆಬ್ಬೆರಳಿನಿಂದ ಬುಡ ಹಿಡಿದು, ಎಡಕ್ಕೊಂದು ಬಲಕ್ಕೊಂದು ಸಣ್ಣ ಓಲಾಟ ಕೊಟ್ಟು ಒತ್ತಿದರು. ಒಂದಕ್ಷರ ಕಲಸಲಿಲ್ಲ. ಹಿಂದೆ ನಿಂತಿದ್ದ ಅಮೆರಿಕನ್ ಹುಡುಗನೊಬ್ಬ ತನ್ನ ಪುಸ್ತಕವನ್ನು ಮುಂದೆ ಚಾಚಿದ. ಅವನ ತಂಗಿ ಚಾಚಿದಳು. ಅವರ ಅಜ್ಜಿ ಚಾಚಿದರು. ಮಾವ ಕುರ್ಚಿ ಎಳೆದುಕೊಂಡು ಕೂತರು.

"ನೆಕ್ಸ್ಟ್" ಅಂದರು.

ನಿವೃತ್ತರಾದ ಮೇಲೆ ಅವರನ್ನು ಅಷ್ಟು ಸುಖವಾಗಿ ನಾನು ಕಂಡಿರಲಿಲ್ಲ. ನನ್ನ ಹೆಂಡತಿ ಮಾತ್ರ ಗೋಡೆಯ ಕಡೆ ತಿರುಗಿ ಯಾವುದೋ ಎಲೆಯ ಪಳೆಯುಳಿಕೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಹೊರಗಿನ ದಾರಿ ಹೆಚ್ಚೇನೂ ಏರಿಲ್ಲ, ಆದರೆ ಜಾಗವೇ 8,400 ಅಡಿ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಎರಡು ಸಾವಿರ ಅಡಿ ಮೇಲೆ. ನೂರು ಹೆಜ್ಜೆಗೇ ಉಸಿರು ಸಿಕ್ಕಿಕೊಳ್ಳುತ್ತದೆ. ಇಲ್ಲಿ ನನಗೆ ಬೋರ್ಡು ಓದುವವರ ಒಂದು ಗುಟ್ಟು ತಿಳಿಯಿತು. ದಾರಿ ಏರಿದಷ್ಟೂ ಮಾವನಿಗೆ ಬೋರ್ಡು ಉದ್ದವಾಗುತ್ತ ಹೋಯಿತು. ನಾಲ್ಕು ಸಾಲಿನ ಫಲಕವನ್ನು ಎರಡೆರಡು ಸಲ ಓದಿದರು, ಅಲ್ಪವಿರಾಮಕ್ಕೂ ಪೂರ್ಣವಿರಾಮದಷ್ಟು ನಿಂತರು. ಏದುಸಿರು ಬಿಡುತ್ತ ನಿಂತ ಅಳಿಯನೂ ಪಕ್ಕದಲ್ಲಿ ನಿಂತು ಶ್ರದ್ಧೆಯಿಂದ ಕೇಳಿದ.

ಒಂದು ಫಲಕದ ಹತ್ತಿರ ಅವರ ದನಿ ಏರಿತು. ಮನೆ ಕಟ್ಟಿ ಮಾರಲು ಈ ಜಾಗದ ಒಂದಷ್ಟು ಭಾಗವನ್ನು 1969ರಲ್ಲಿ ಬುಲ್ಡೋಜರ್ ಹಾಕಿ ಸಮ ಮಾಡುವವರಿದ್ದರು. ಪಳೆಯುಳಿಕೆ ಉಳಿಸಲು ಹೊರಟವರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಅಷ್ಟರಲ್ಲಿ ಸಂಸತ್ತು ಮಸೂದೆ ಪಾಸು ಮಾಡಿತು, ಆಗಸ್ಟ್ 20ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಮಾವನಿಗೆ ಮೂರು ಕೋಟಿ ವರ್ಷಗಳಿಗಿಂತ ಆ ಕೋರ್ಟಿನ ಕಥೆ ರೋಚಕವಾಗಿ ಕಂಡಿತು. "ಲೇಔಟ್ ಆಗಿಹೋಗ್ತಿತ್ತು ಕಣಯ್ಯಾ! ಸ್ಟೇ ಸಿಕ್ಕಿದ್ದಕ್ಕೆ ಉಳೀತು!" ಎಂದು ನನ್ನ ಭುಜ ತಟ್ಟಿದರು, ಸ್ಟೇ ತಂದ ವಕೀಲ ನಾನೇ ಎಂಬಂತೆ.

ಮುಂದಿನ ತಿರುವಿನಲ್ಲಿ ದೊಡ್ಡ ಬುಡ. ಸುತ್ತಳತೆ 38 ಅಡಿ, ಎತ್ತರ ಸುಮಾರು ಹನ್ನೆರಡು ಅಡಿ, ಬಣ್ಣ ಹಳೆಯ ಬಾಗಿಲಿನದು. ತೊಗಟೆಯ ಗೆರೆಗಳು ಹಾಗೇ ಇವೆ, ಮುಟ್ಟಿದರೆ ಮಾತ್ರ ಕಲ್ಲೆಂದು ತಿಳಿಯಬೇಕು, ಮುಟ್ಟಲು ಬಿಡುವುದಿಲ್ಲ. ಮಾವ ಅದಕ್ಕೆ ಬೆನ್ನು ಹಾಕಿ ಫಲಕದ ಮೊದಲ ಸಾಲು ಹಿಡಿದರು.

"ರೀ, ಮರದ ತಲೇಲಿ ಗರಗಸ ಸಿಕ್ಕೊಂಡಿದೆ" ಅಂದರು ಅತ್ತೆ.

"ತಾಳು, ಇನ್ನೂ ಅಲ್ಲಿಗೆ ಬಂದಿಲ್ಲ."

"ಬೋರ್ಡಲ್ಲಲ್ಲ, ಮರದಲ್ಲಿ! ತುಕ್ಕು ಹಿಡಿದ ಅಲಗು. ಅಲ್ಲಿ ಇನ್ನೊಂದು."

ನಿಜವಾಗಿ ಇತ್ತು. 1893ರ ಷಿಕಾಗೊ ವಿಶ್ವ ಪ್ರದರ್ಶನಕ್ಕೆ ಇದನ್ನು ತುಂಡು ಮಾಡಿ ಸಾಗಿಸಲು ಹೋಗಿ, ಕಲ್ಲು ಗೆದ್ದು ಗರಗಸ ಅಲ್ಲೇ ಉಳಿದ ಕಥೆ ಅದು. ನಮ್ಮ ವಿವೇಕಾನಂದರು ಮಾತಾಡಿದ್ದು ಅದೇ ಮೇಳದ ಜೊತೆಗೆ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ ಎಂದು ನಾನು ನಡುವೆ ಬಾಯಿ ಹಾಕಿದೆ. "ಅದು ಬೋರ್ಡಿನಲ್ಲಿಲ್ಲ" ಎಂದು ಮಾವ ತಳ್ಳಿಹಾಕಿದರು.

ಅಲ್ಲೇ ಇದ್ದ ರೇಂಜರ್ ಹುಡುಗಿ ಇನ್ನೊಂದು ಸಂಗತಿ ಹೇಳಿದಳು. ಇಲ್ಲಿನ ಒಂದು ಭಾಗ ಖಾಸಗಿಯವರ ಕೈಯಲ್ಲಿದ್ದ ಕಾಲದಲ್ಲಿ, 1956ರಲ್ಲಿ, ವಾಲ್ಟ್ ಡಿಸ್ನಿ ಬಂದು ಇಂಥದೇ ಒಂದು ಕಲ್ಲಿನ ಬುಡ ಕೊಂಡು ಹೆಂಡತಿಗೆ ಮದುವೆಯ ವಾರ್ಷಿಕೋತ್ಸವದ ಉಡುಗೊರೆಯಾಗಿ ಕೊಟ್ಟನಂತೆ. ಆಕೆ ಮರುವರ್ಷ ಅದನ್ನು ಡಿಸ್ನಿಲ್ಯಾಂಡಿಗೇ ಕೊಟ್ಟಳು, ಈಗಲೂ ಅಲ್ಲಿದೆ.

"ಮೊದಲು ಕ್ರಯ, ಆಮೇಲೆ ಎರಡು ದಾನಪತ್ರ" ಮಾವ ಬೆರಳು ಮಡಚಿದರು. "ಮುದ್ರಾಂಕ ಶುಲ್ಕ..."

"ನೀವು ನನಗೆ ಒಂದು ಸೌದೆ ತುಂಡೂ ತಂದುಕೊಟ್ಟಿಲ್ಲ" ಅಂದರು ಅತ್ತೆ. ದಾನಪತ್ರದ ಚರ್ಚೆ ಅಲ್ಲಿಗೇ ನಿಂತಿತು.

ಕೊಲರಾಡೊ ಬೆಟ್ಟಗಳಲ್ಲಿ ಬೇಸಿಗೆಯ ಮಧ್ಯಾಹ್ನ ಹೇಳಿ ಕೇಳಿ ಗುಡುಗು ಬರುವುದಿಲ್ಲ. ಪಶ್ಚಿಮದಲ್ಲಿ ಮೋಡ ಕಪ್ಪಾಯಿತು, ಒಂದು ಸದ್ದು ಬಂತು, ಎಲ್ಲರೂ ಕಾರಿನ ಕಡೆ ಓಡಿದರು. ಬಾಗಿಲು ಹಾಕಿಕೊಂಡು ತಲೆ ಎಣಿಸಿದರೆ ಒಂದು ಕಡಿಮೆ. ದಾರಿಯ ಬಾಯಲ್ಲಿ ಮಾವ ಬೋರ್ಡಿನ ಮುಂದೆ ನಿಂತಿದ್ದರು. ನಾನು ಓಡಿ ಹೋಗಿ ತೋಳು ಹಿಡಿದೆ.

"ಸಿಡಿಲು ಬಂದಾಗ ಏನು ಮಾಡಬೇಕು ಅಂತ ಬರೆದಿದ್ದಾರೆ," ಎಂದರು ಕದಲದೆ, "ಬಯಲಲ್ಲಿ ನಿಲ್ಲಬಾರದಂತೆ."

ಎರಡನೆಯ ಅಂಶ ಓದಿ ಮುಗಿಯುವ ಮೊದಲು ಅವರನ್ನು ಎಳೆತಂದು ಕಾರಿನಲ್ಲಿ ಕೂರಿಸಿದೆ. ಆಲಿಕಲ್ಲು ಚಾವಣಿಯ ಮೇಲೆ ಬಡಿಯತೊಡಗಿತು. ಪುಳಿಯೋಗರೆ ಡಬ್ಬಿ ತೆರೆದುಕೊಂಡಿತು. ಓದಲು ಏನೂ ಇಲ್ಲದೆ ಮಾವ ಚಡಪಡಿಸಿದರು. ಸೀಟ್‌ಬೆಲ್ಟಿನ ಚೀಟಿ ಓದಿದರು, ಏರ್‌ಬ್ಯಾಗಿನ ಎಚ್ಚರಿಕೆ ಓದಿದರು, ಕೊನೆಗೆ ಜೇಬಿನಿಂದ ಹತ್ತು ಡಾಲರಿನ ಪ್ರವೇಶ ಚೀಟಿ ತೆಗೆದರು. ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ಇದು ಏಳು ದಿನ ನಡೆಯುತ್ತಂತೆ!"

ಕಾರಿನಲ್ಲಿ ಯಾರೂ ಉಸಿರೆತ್ತಲಿಲ್ಲ. ನನ್ನ ಹೆಂಡತಿ ವೈಪರ್ ನೋಡುತ್ತಿದ್ದಳು.

"ಆ ಕಡೆ ದಾರಿಯ ಬೋರ್ಡುಗಳು ಒಂದೂ ಆಗಿಲ್ಲ" ಎಂದರು ಮಾವ.

ಅತ್ತೆ ಅವರ ತಟ್ಟೆಗೆ ಇನ್ನೊಂದು ಹಿಡಿ ಹಾಕಿದರು. "ಆಗಲಿ, ನಾಳೆಯೇ ಬರೋಣ. ಆ ಗರಗಸ ನಾನು ಇನ್ನೊಂದು ಸಲ ನೋಡಬೇಕು. ನೀವು ಒಂದು ಸಲ ನೋಡಬೇಕು."