ಎಕ್ಸೆಲ್ ರಾಯರ ಐದು ಗುಂಟೆ ಹುಲ್ಲು

ಎಕ್ಸೆಲ್ ರಾಯರ ಮನೆಯಲ್ಲಿ ಹುಲ್ಲು ಕತ್ತರಿಸುವ ರೋಬೋ ಇಲ್ಲ. ಆದರೆ ಆ ರೋಬೋ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದೂ ಇಲ್ಲ. ಟೆಕ್ಸಾಸಿನ ಡಲ್ಲಾಸ್ ನಗರಕ್ಕೆ ಉತ್ತರದಲ್ಲಿ ಪ್ಲೇನೊ, ಫ್ರಿಸ್ಕೊ, ಮೆಕಿನಿ ಎಂದು ಒಂದಕ್ಕೊಂದು ಅಂಟಿಕೊಂಡ ಊರುಗಳಿವೆ. ಅಲ್ಲಿ ಯಾವುದೇ ಕನ್ನಡಿಗರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿ, ಪ್ರಸಾದದ ತಟ್ಟೆ ಹಿಡಿದು, "ನಮ್ಮ ಲಾನಿಗೂ ಒಂದು ವೈರ್ ಇಲ್ಲದ ರೋಬೋ ತಗೋಬೇಕು ಅಂತಿದೀನಿ" ಅಂದು ನೋಡಿ. "ರಾಯರನ್ನ ಕೇಳಿದ್ರಾ?" ಅನ್ನುತ್ತಾರೆ ಒಬ್ಬರು. "ಅಯ್ಯೋ, ಈಗ ಬೇಡ, ಮಕ್ಕಳಿಗೆ ನಾಳೆ ಸ್ಕೂಲಿದೆ" ಅನ್ನುತ್ತಾರೆ ಇನ್ನೊಬ್ಬರು. ಅಷ್ಟರಲ್ಲಿ ರಾಯರೇ ಬಂದು ನಿಮ್ಮ ಹಿಂದೆ ನಿಂತಿರುತ್ತಾರೆ.

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಬಸವನಗುಡಿಯಲ್ಲಾದರೆ ಯುಪಿಎಸ್ ಕೊಳ್ಳುವ ಮುಂಚೆ ಬ್ಯಾಟರಿಗೆ ಹಾಕುವ ನೀರಿನ ಜಾತಕವನ್ನೂ ನೋಡುವವರು. ಮೈಸೂರಿನಲ್ಲಾದರೆ ಸೋಲಾರ್ ಹೀಟರಿಗೆ ಏಳು ಕಡೆ ಕೊಟೇಶನ್ ತಂದಿಟ್ಟುಕೊಂಡು ತಣ್ಣೀರು ಸ್ನಾನ ಮಾಡುವವರು. ಕೊಂಡುಬಿಟ್ಟರೆ ಆರಿಸುವ ಸುಖ ಮುಗಿದುಹೋಗುತ್ತದೆ ಎಂಬ ಭಯ ಇವರಿಗೆ. ರಾಯರ ಬದುಕಿನಲ್ಲಿ ಬೇಗ ತೀರ್ಮಾನವಾದದ್ದು ಮದುವೆ ಒಂದೇ. ಅದನ್ನೂ ಅವರ ತಾಯಿ ಉಪ್ಪಿಟ್ಟು ಆರುವುದರೊಳಗೆ ಮುಗಿಸಿದ್ದರಿಂದ ಆಯಿತು. "ಇವರ ಕೈಗೆ ಬಿಟ್ಟಿದ್ರೆ ನಾನಿನ್ನೂ ಶಾರ್ಟ್‌ಲಿಸ್ಟಲ್ಲೇ ಇರ್ತಿದ್ದೆ" ಎಂದು ಅವರ ಶ್ರೀಮತಿಯೇ ಹೇಳುತ್ತಾರೆ.

ರಾಯರನ್ನು "ಯಾವುದು ತಗೊಳ್ಳಲಿ?" ಎಂದು ಕೇಳಿದಿರೋ, ಉತ್ತರ 1830ರಿಂದ ಶುರುವಾಗುತ್ತದೆ. ಆ ವರ್ಷ ಇಂಗ್ಲೆಂಡಿನ ಸ್ಟ್ರೌಡ್ ಊರಿನ ಎಡ್ವಿನ್ ಬಡ್ಡಿಂಗ್ ಎಂಬಾತ, ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ಜುಂಗು ಸವರುವ ಯಂತ್ರ ನೋಡಿ, ಹುಲ್ಲನ್ನೂ ಹೀಗೇ ಸವರಬಹುದಲ್ಲ ಎಂದು ಮೊದಲ ಮೋವರ್ ಮಾಡಿ ಪೇಟೆಂಟ್ ತೆಗೆದುಕೊಂಡ. ಅಲ್ಲಿಂದ ರಾಯರು ಸ್ವೀಡನ್ನಿಗೆ ಹೋಗುತ್ತಾರೆ. 1689ರಲ್ಲಿ ರಾಜನ ಸೈನ್ಯಕ್ಕೆ ಬಂದೂಕು ಮಾಡಿಕೊಡಲು ಹುಟ್ಟಿದ ಹಸ್ಕ್ವಾರ್ನಾ ಕಾರ್ಖಾನೆ 1995ರಲ್ಲಿ ಬಿಸಿಲಿನಿಂದಲೇ ಓಡುವ ಹುಲ್ಲಿನ ರೋಬೋ ಹೊರತಂದದ್ದನ್ನು ವಿವರಿಸುತ್ತಾರೆ. ಇಲ್ಲಿಗೆ ನಿಮ್ಮ ಕಾಫಿ ಕೆನೆ ಕಟ್ಟಿರುತ್ತದೆ. ವೈರ್ ಇಲ್ಲದ ಮಾತು ಇನ್ನೂ ಬಂದಿರುವುದಿಲ್ಲ, ಏಕೆಂದರೆ ಮೊದಲು ವೈರ್ ಇರುವುದನ್ನು ತಿಳಿಯಬೇಕು.

ಹಳೆಯ ರೋಬೋಗಳಿಗೆ ಅಂಗಳದ ಅಂಚಿಗೆಲ್ಲ ಒಂದು ವೈರು ಹೂಳಬೇಕಿತ್ತು. ಅದರಲ್ಲಿ ಸಣ್ಣದೊಂದು ಸಿಗ್ನಲ್ ಹರಿಯುತ್ತಿರುತ್ತದೆ. ಯಂತ್ರ ಅದರ ಹತ್ತಿರ ಬಂದಾಗ ಗೊತ್ತಾಗಿ ಹಿಂದಿರುಗುತ್ತದೆ. ಲಕ್ಷ್ಮಣರೇಖೆ ಇದ್ದ ಹಾಗೆ. ಈ ರೇಖೆಗೆ ಶತ್ರು ಗುದ್ದಲಿ. ಗುಲಾಬಿ ನೆಡಲು ಒಂದು ಏಟು ಹಾಕಿದರೆ ವೈರು ತುಂಡು. ಎಲ್ಲಿ ತುಂಡಾಯಿತು ಎಂದು ಹುಡುಕುವಷ್ಟರಲ್ಲಿ ಗುಲಾಬಿಯ ಆಸೆಯೇ ಬಾಡಿರುತ್ತದೆ. ಅದಕ್ಕೇ ಈಗ ಎಲ್ಲರಿಗೂ ವೈರ್ ಇಲ್ಲದ್ದೇ ಬೇಕು.

ಇಲ್ಲಿಂದ ರಾಯರ ದನಿ ಏರುತ್ತದೆ. "ನಿಮ್ಮ ಮನೆ ಆಕಾಶ ಎಷ್ಟು ಪರ್ಸೆಂಟ್ ಓಪನ್ ಇದೆ?" ಎಂದು ಕೇಳುತ್ತಾರೆ. ಮನೆ ಕೊಳ್ಳುವಾಗ ಬೆಡ್‌ರೂಮು ಎಷ್ಟು, ಸ್ಕೂಲು ಹೇಗೆ, ಬಾಗಿಲು ಪೂರ್ವಕ್ಕಿದೆಯೋ ಎಂದೆಲ್ಲ ನೋಡಿದ್ದವರು, ಆಕಾಶವನ್ನು ಅಳೆದಿರುವುದಿಲ್ಲ. ಸುಮ್ಮನೆ ತಲೆ ತುರಿಸಿಕೊಳ್ಳುತ್ತಾರೆ. ವಿಷಯ ಮಾತ್ರ ಗಟ್ಟಿಯದೇ. ಫೋನಿನಲ್ಲಿರುವ ಜಿಪಿಎಸ್‌ಗೆ ಮೂರ್ನಾಲ್ಕು ಮೀಟರ್ ಆಚೀಚೆಯಾದರೆ ಲೆಕ್ಕವಿಲ್ಲ, ಹೋಟೆಲು ಹುಡುಕಲು ಅಷ್ಟು ಸಾಕು. ಬ್ಲೇಡು ಕಟ್ಟಿಕೊಂಡು ಓಡಾಡುವ ಯಂತ್ರ ಮೂರು ಮೀಟರ್ ತಪ್ಪಿದರೆ ಪಕ್ಕದ ಮನೆಯ ಹೂಗಿಡ ಹೋಯಿತು. ಅದಕ್ಕಾಗಿ ಆರ್‌ಟಿಕೆ ಎಂಬ ಉಪಾಯ. ಸೂರಿನ ಮೇಲೋ ಕಂಬದ ಮೇಲೋ ಒಂದು ಆಂಟೆನಾ ಅಲ್ಲಾಡದೆ ನಿಂತಿರುತ್ತದೆ. ತಾನು ಎಲ್ಲಿದ್ದೇನೆ ಎಂದು ಅದಕ್ಕೆ ಖಚಿತ. 20,000 ಕಿಲೋಮೀಟರ್ ಮೇಲಿನಿಂದ ಬರುವ ಉಪಗ್ರಹದ ಸಂಕೇತದಲ್ಲಿ ಎಷ್ಟು ತಪ್ಪಿದೆಯೆಂದು ಲೆಕ್ಕ ಹಾಕಿ ಅದು ರೋಬೋಗೆ ಹೇಳುತ್ತಲೇ ಇರುತ್ತದೆ. ಆಗ ತಪ್ಪು ಮೀಟರಿನಿಂದ ಎರಡು ಮೂರು ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ ಮರದ ಕೆಳಗೆ, ಎತ್ತರದ ಗೋಡೆಯ ಮಗ್ಗುಲಲ್ಲಿ ಆಕಾಶ ಮುಚ್ಚಿಹೋಗಿ ಯಂತ್ರ ಕಕ್ಕಾಬಿಕ್ಕಿಯಾಗುತ್ತದೆ. ಅಂಥ ಕಡೆ ಲೇಸರ್ ಬೀರಿ ಸುತ್ತಮುತ್ತ ಅಳೆಯುವ ಲೈಡಾರ್ ಬೇಕು, ಇಲ್ಲವೇ ಕ್ಯಾಮೆರಾ ಬೇಕು. ರಾಯರ ಮನೆ ಮುಂದೆ ಎರಡು ಲೈವ್ ಓಕ್ ಮರಗಳಿವೆ, ಚಳಿಗಾಲದಲ್ಲೂ ಬೋಳಾಗದಂಥವು. ಹಿತ್ತಲಲ್ಲಿ ಒಂದು ಪುದೀನ ಗಿಡ ಬಿಟ್ಟರೆ ಬಟ್ಟಬಯಲು. ಮುಂದಕ್ಕೆ ಲೈಡಾರ್, ಹಿಂದಕ್ಕೆ ಆರ್‌ಟಿಕೆ, ನಡುವೆ ಸದಾ ಚಿಲಕ ಹಾಕಿರುವ ಮರದ ಗೇಟು. ಹೀಗೊಂದು ಬಿಡಿಸಲಾಗದ ಗಂಟು ಸಿಕ್ಕಿದ್ದು ರಾಯರ ಪುಣ್ಯ.

ಈ ಗಂಟು ಬಿಡಿಸಲು ರಾಯರು ಮಾಡಿಟ್ಟುಕೊಂಡ ಎಕ್ಸೆಲ್ ಹಾಳೆಯಲ್ಲಿ ಸಾಲಿಗೊಂದು ಯಂತ್ರ: ನ್ಯಾವಿಮೋ, ಲೂಬಾ, ಹಸ್ಕ್ವಾರ್ನಾ, ಯೂಫಿ, ಡ್ರೀಮಿ. ಬೆಲೆ ಸಾವಿರ ಡಾಲರಿನಿಂದ ಮೂರು ಸಾವಿರದ ತನಕ, ಮೇಲಕ್ಕೂ ಉಂಟು. ಕಾಲಂಗಳು ಪರದೆಯ ಬಲಕ್ಕೆ ಸರಿಸಿದಷ್ಟೂ ಬರುತ್ತವೆ. 'ಗೇಟು ತೆಗೆಯಬಲ್ಲದೇ?' ಎಂಬ ಕಾಲಂ ಕೂಡ ಇದೆ. ಉದ್ದಕ್ಕೂ 'ಇಲ್ಲ' ಎಂದೇ ತುಂಬಿದೆ, ಆದರೂ ಅಳಿಸಿಲ್ಲ. 'ಏರು ಹತ್ತುವ ಶಕ್ತಿ' ಎಂಬ ಕಾಲಮಿಗೆ ಹಳದಿ ಬಣ್ಣ. "ಶೇಕಡಾ 80 ಅಂತ ಬರೆದಿರ್ತಾರೆ. ಅದು 80 ಡಿಗ್ರಿ ಅಲ್ಲ ಮತ್ತೆ! ಶೇಕಡಾ 100 ಅಂದ್ರೇನೇ 45 ಡಿಗ್ರಿ. 80 ಅಂದ್ರೆ 39ರ ಹತ್ತಿರ, ಅಷ್ಟೇ" ಎಂದು ಎಚ್ಚರಿಸುತ್ತಾರೆ. ಫ್ರಿಸ್ಕೊದಲ್ಲಿ ಅವರ ಅಂಗಳದ ಮಧ್ಯೆ ಗೋಲಿ ಇಟ್ಟರೆ ಸಂಜೆಗೂ ಅಲ್ಲೇ ಇರುತ್ತದೆ. ಆದರೂ ಗುಡ್ಡ ಹತ್ತದ ಯಂತ್ರ ಅವರಿಗೆ ಬೇಡ. ಜರ್ಮನಿಯ ಕಲೋನ್ ನಗರದಲ್ಲಿ ರಾತ್ರಿ ಹೊತ್ತು ರೋಬೋ ಓಡಿಸುವಂತಿಲ್ಲ. ಹೆಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿಗಳು ಬ್ಲೇಡಿಗೆ ಸಿಕ್ಕಿ ಗಾಯಗೊಳ್ಳುತ್ತವೆಂದು ನಿಷೇಧಿಸಿದ್ದಾರೆ. ಇದನ್ನೋದಿದ ರಾತ್ರಿಯೇ ರಾಯರ ಹಾಳೆಗೆ ಹೆಜ್‌ಹಾಗ್ ಕಾಲಂ ಸೇರಿತು. ಅಮೆರಿಕದ ಕಾಡುಮೇಡಿನಲ್ಲಿ ಹೆಜ್‌ಹಾಗ್ ಇಲ್ಲವೇ ಇಲ್ಲ ಎಂದು ಮಗಳು ಹೇಳಿದಳು. "ನಾಳೆ ಟ್ರಾನ್ಸ್‌ಫರ್ ಆಗಿ ಜರ್ಮನಿಗೆ ಹೋದ್ರೆ?" ಎಂದರು ರಾಯರು.

ತಿಪಟೂರಿನ ಕಡೆ ತೆಂಗಿನ ತೋಟವಿರುವ ಅವರ ತಂದೆ ಬೇಸಿಗೆಗೆ ಬಂದರು. "ಒಟ್ಟು ಎಷ್ಟಿದೆಯಪ್ಪಾ ಜಾಗ?" ಎಂದರು. "ಕಾಲು ಎಕರೆ" ಎಂದರು ರಾಯರು ಹೆಮ್ಮೆಯಿಂದ. ಹಿರಿಯರು ಮನಸ್ಸಿನಲ್ಲೇ ಹತ್ತು ಗುಂಟೆ ಎಂದು ಲೆಕ್ಕ ಹಾಕಿ, ಮನೆ, ಗ್ಯಾರೇಜು, ಸಿಮೆಂಟು ಹಾದಿ ಎಲ್ಲ ಕಳೆದು, "ಹುಲ್ಲು ಐದು ಗುಂಟೆ ಆದೀತು" ಎಂದರು. ಆಮೇಲೆ ಹಿತ್ತಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ಒಂದು ಎಳೆ ಕಿತ್ತು, ಗಿಣ್ಣು ಮುಟ್ಟಿ, ಮೂಸಿ ನೋಡಿದರು. "ಲೋ, ಇದು ಗರಿಕೆ ಕಣೋ!" ಬರ್ಮುಡಾ ಗ್ರಾಸ್ ಎಂದು ಇಲ್ಲಿ ದುಡ್ಡು ಕೊಟ್ಟು ಹಾಕಿಸುವುದು ನಮ್ಮ ಗರಿಕೆಯನ್ನೇ, ಸಸ್ಯಶಾಸ್ತ್ರದ ಪುಸ್ತಕದಲ್ಲೂ ಎರಡೂ ಒಂದೇ ಗಿಡ. "ಇದನ್ನ ಹೊಲದಿಂದ ಕಿತ್ತೂ ಕಿತ್ತೂ ನಿಮ್ಮಜ್ಜನ ಸೊಂಟ ಹೋಯ್ತು, ನನ್ನ ಸೊಂಟ ಹೋಯ್ತು. ನೀನು ಇದಕ್ಕೆ ನೀರು ಬಿಟ್ಟು, ಗೊಬ್ಬರ ಹಾಕಿ, ಬೆಳೆದ ಮೇಲೆ ಕತ್ತರಿಸೋಕೆ ಮೂರು ಸಾವಿರ ಡಾಲರ್ ಮೆಷೀನು ನೋಡ್ತಿದೀಯಾ?" ರಾಯರು ಲ್ಯಾಪ್‌ಟಾಪ್ ತಂದು ಹಾಳೆ ತೋರಿಸಿದರು. ಹಿರಿಯರು ತಾಳ್ಮೆಯಿಂದ ನೋಡಿದರು. "ಒಂದು ಎಮ್ಮೆ ಸೇರಿಸು ಇದಕ್ಕೆ. ಹೆಜ್‌ಹಾಗ್ ತುಳಿಯಲ್ಲ, ಗುಡ್ಡಾನೂ ಹತ್ತುತ್ತೆ." ಮರುದಿನ ನೋಡಿದರೆ ಹಾಳೆಯಲ್ಲಿ ನಿಜವಾಗಿಯೂ ಒಂದು ಸಾಲು ಹೆಚ್ಚಾಗಿತ್ತು. ಹಾಕಿದ್ದು ಮೊಮ್ಮಗಳು. ಸಾವಿರ ಡಾಲರಿನ ಯಂತ್ರಗಳಿಗಿಂತ ಎಮ್ಮೆಗೇ ಮಾರ್ಕು ಹೆಚ್ಚು ಬಂದಿತ್ತು ಎಂಬುದನ್ನು ರಾಯರು ಯಾರಿಗೂ ಹೇಳಲಿಲ್ಲ.

ಈ ನಡುವೆ, ಹೇಗೂ ಮುಂದಿನ ವಾರ ಮೆಷೀನ್ ಬರುತ್ತದಲ್ಲ ಎಂದು, ಒಂದು ಸಲಕ್ಕೆ 40 ಡಾಲರ್ ತೆಗೆದುಕೊಂಡು ಹುಲ್ಲು ಕತ್ತರಿಸುತ್ತಿದ್ದವರನ್ನು ವಸಂತದಲ್ಲೇ ನಿಲ್ಲಿಸಿದ್ದರು. ಟೆಕ್ಸಾಸಿನ ಬಿಸಿಲಿಗೆ ಗರಿಕೆ ಸ್ಪ್ರೆಡ್‌ಶೀಟಿಗಾಗಿ ಕಾಯುವುದಿಲ್ಲ. ಬಡಾವಣೆಯ ಮನೆಮಾಲೀಕರ ಸಂಘದಿಂದ, ಎಲ್ಲರೂ ಎಚ್‌ಒಎ ಎಂದು ಹೆದರುವ ಆ ಸಂಸ್ಥೆಯಿಂದ, ಫೋಟೋ ಸಮೇತ ಕಾಗದ ಬಂತು. ಬೇರೆ ಯಾರಾದರೂ ಹುಲ್ಲು ಕತ್ತರಿಸುತ್ತಿದ್ದರು. ರಾಯರು ಫೋಟೋ ದೊಡ್ಡದು ಮಾಡಿ, ಅಂಚೆಪೆಟ್ಟಿಗೆಯ ಕಂಬದ ಅಳತೆ ಹಿಡಿದು ಲೆಕ್ಕ ಹಾಕಿ, ಕ್ಯಾಮೆರಾ ಕೆಳಗೆ ಹಿಡಿದಿದ್ದರಿಂದ ಹುಲ್ಲು ಉದ್ದ ಕಾಣಿಸಿದೆ ಎಂದು ನಕ್ಷೆಯೊಂದಿಗೆ ಉತ್ತರ ಬರೆದರು. ಹುಲ್ಲು ಆಗಲೇ ನಾಲ್ಕು ಇಂಚು ದಾಟಿತ್ತು. ಈ ರೋಬೋಗಳ ಬ್ಲೇಡು ಷೇವಿಂಗ್ ಬ್ಲೇಡಿನಷ್ಟೇ ಇರುವುದು. ದಿನಾ ತುದಿ ತುದಿ ಸವರಿ, ಆ ಪುಡಿಯನ್ನು ಅಲ್ಲೇ ಗೊಬ್ಬರಕ್ಕೆ ಬಿಡುವುದು ಅವುಗಳ ಕ್ರಮ. ಬೆಳೆದು ನಿಂತ ಹುಲ್ಲಿಗೆ ಅವನ್ನು ಬಿಡುವಂತಿಲ್ಲ. ಅಂದರೆ ರೋಬೋ ಕೊಳ್ಳಲು ಮೊದಲು ಮಾಮೂಲಿ ಮೋವರ್ ಬೇಕು. ರಾಯರು ಮಾಮೂಲಿ ಮೋವರ್‌ಗೆ ಹೊಸ ಹಾಳೆ ತೆರೆದರು. ಶ್ರೀಮತಿಯವರು ಹಳಬರಿಗೆ ಫೋನ್ ಮಾಡಿ ಮುಂದಿನ ಅಂಗಳ ಸವರಿಸಿದರು. ಬೇಲಿ ಮರೆಯಲ್ಲಿದ್ದ ಹಿತ್ತಲಿನದು ಹಾಗೇ ಉಳಿಯಿತು.

ಅದೇ ಗಣೇಶನ ಹಬ್ಬಕ್ಕೆ ಒದಗಿತು. ಅಷ್ಟರಲ್ಲಿ ರಾಯರ ಸಲಹೆ ಕೇಳಿ ಸುತ್ತಲಿನ ಬೀದಿಗಳಲ್ಲಿ ಹಲವರು ರೋಬೋ ಕೊಂಡಿದ್ದರು, ಎಲ್ಲ ಲಾನುಗಳೂ ಹೊಸದಾಗಿ ಕ್ಷೌರ ಮಾಡಿಸಿಕೊಂಡು ಕೂತಿದ್ದವು. ತುದಿ ಹಾರಿದ ಗರಿಕೆಯನ್ನು ಗಣಪತಿಗೆ ಏರಿಸುವುದು ಹೇಗೆ? ಬೆಳಗಿನಿಂದ ಜಿಪ್‌ಲಾಕ್ ಚೀಲ ಹಿಡಿದು ಜನ ರಾಯರ ಹಿತ್ತಲಿಗೆ ಬಂದರು. ಎಲೆ ಮೂರಾಗಿ ಕವಲೊಡೆದ ಎಳೆ ಕುಡಿಗಳು, ಇಪ್ಪತ್ತೊಂದರ ಲೆಕ್ಕದಲ್ಲಿ ಎಷ್ಟು ಮನೆಗೆ ಬೇಕಾದರೂ ಆಗುವಷ್ಟಿದ್ದವು. ರಾಯರು ಎಲ್ಲರಿಗೂ ಮೋದಕ ಕೊಟ್ಟು, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಕೊಂಡಿರಾ ಎಂದು ವಿಚಾರಿಸಿ ಕಳಿಸಿದರು.

ಆಯುಧಪೂಜೆಯ ದಿನ ಅವರನ್ನು ನೋಡಬೇಕಿತ್ತು. ಪಕ್ಕದ ಬೀದಿಯವರು ಕಾರುಗಳ ಸಾಲಿನಲ್ಲಿ ರೋಬೋವನ್ನೂ ಇಟ್ಟು, ಸೇವಂತಿಗೆ ಹಾರ ಹಾಕಿ, ಅರಿಶಿನ ಕುಂಕುಮ ಧಾರಾಳವಾಗಿ ಬಳಿದರು. ಮಂಗಳಾರತಿಯಾಗಿ ಬಟನ್ ಒತ್ತಿದರೆ ಯಂತ್ರ ಕದಲದು. ಫೋನಿನಲ್ಲಿ ಕೆಂಪು ಅಕ್ಷರ. "ದೃಷ್ಟಿಯಾಗಿದೆ, ಇಳಿ ತೆಗೀರಿ" ಎಂದರು ಅಜ್ಜಿ. ರಾಯರು ಪಂಚೆ ಎತ್ತಿಕಟ್ಟಿ ಮಂಡಿಯೂರಿದರು. ಕನ್ನಡಕ ಒರೆಸುವ ಬಟ್ಟೆ ತೆಗೆದು ಕ್ಯಾಮೆರಾದ ಗಾಜಿನ ಮೇಲಿನ ಕುಂಕುಮವನ್ನು ನಯವಾಗಿ ಒರೆಸಿದರು, ಹಣೆಗೆಂದು ಒಂದು ಬೊಟ್ಟು ಮೇಲಿನ ಮುಚ್ಚಳಕ್ಕಿಟ್ಟರು. ಚಕ್ರದ ಮುಂದೆ ಇಟ್ಟಿದ್ದ ನಿಂಬೆಹಣ್ಣುಗಳನ್ನು ತೆಗೆದು ಹಿಂದೆ ಇಟ್ಟರು. "ಇದು ಚಾರ್ಜಿಂಗ್ ಗೂಡಿನಿಂದ ಹಿಮ್ಮುಖವಾಗಿ ಹೊರಡೋದು" ಎಂದರು. ಯಂತ್ರ ಹಿಂದೆ ಸರಿಯಿತು, ನಿಂಬೆಹಣ್ಣು ಪಚಕ್ಕೆಂದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ರೋಬೋವನ್ನೂ ಕೊಳ್ಳದೆ ಇಷ್ಟು ರೋಬೋಗಳಿಗೆ ಪುರೋಹಿತರಾದವರು ಇನ್ನೊಬ್ಬರಿರಲಾರರು.

ಚಳಿ ಬಿದ್ದ ಮೇಲೆ ಅಲ್ಲಿ ಗರಿಕೆ ಕಂದು ಬಣ್ಣಕ್ಕೆ ತಿರುಗಿ ಮಾರ್ಚ್ ತನಕ ಮಲಗಿಬಿಡುತ್ತದೆ. ಕತ್ತರಿಸುವ ಹುಲ್ಲೇ ಇಲ್ಲದಾಗ ಕೊಳ್ಳುವ ಅವಸರವೇನು? ಜನವರಿಯಲ್ಲಿ ಲಾಸ್ ವೇಗಸ್ಸಿನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಹೊಸ ಮಾಡೆಲ್ಲುಗಳು ಬಂದೇ ಬರುತ್ತವೆ. ಹಾಳೆಗೆ ಹೊಸ ಸಾಲುಗಳು ಬೇಕಾಗುತ್ತವೆ.

ನಿಮಗೂ ಕೊಳ್ಳುವ ಯೋಚನೆಯಿದ್ದರೆ ಅವರ ಶ್ರೀಮತಿಯವರನ್ನು ಕೇಳುವುದು ಮೇಲು. ಕೇಳಿ ಕೇಳಿ ಅವರಿಗೆ ಎಲ್ಲ ಬಾಯಿಪಾಠವಾಗಿದೆ. "ಆಕಾಶ ಬಯಲಾಗಿದ್ರೆ ಆಂಟೆನಾದ್ದು ತಗೊಳ್ಳಿ. ಮರ ಜಾಸ್ತಿ ಇದ್ರೆ ಲೈಡಾರೋ ಕ್ಯಾಮೆರಾದ್ದೋ ನೋಡಿ. ಮಧ್ಯೆ ಗೇಟಿದ್ರೆ ನೀವೇ ಎತ್ಕೊಂಡು ಹೋಗ್ಬೇಕು, ತೂಕ ನೋಡ್ಕೊಳ್ಳಿ. ನಿಮ್ಮ ಲಾನಿಗಿಂತ ಸ್ವಲ್ಪ ದೊಡ್ಡ ಲಾನಿಗೆ ಅಂತ ಹೇಳಿರೋದನ್ನೇ ತಗೊಳ್ಳಿ. ಕಾಫಿಗೆ ಸಕ್ಕರೆ ಎಷ್ಟು?" ಎನ್ನುತ್ತಾರೆ. ಇಷ್ಟರಲ್ಲಿ ಮುಗಿಯುತ್ತದೆ. ರಾಯರನ್ನೇ ಕೇಳುತ್ತೇನೆ ಎನ್ನುವವರು ಶನಿವಾರ ಊಟ ಮುಗಿಸಿಕೊಂಡು ಫೋನ್ ಮಾಡಿ, ಚಾರ್ಜರ್ ಹತ್ತಿರವೇ ಕೂತುಕೊಳ್ಳಿ.