ಲಾಗಾನ್-ಗುಂಪು-ನಿರ್ಣಯ: ಸ್ಯಾಪ್ ಹೊಸ್ತಿಲಲ್ಲಿ ನಿಂತವನ ಪ್ರಮಾಣಮೀಮಾಂಸೆ

ಈ ಪ್ರಬಂಧದ ವಿಷಯ ಒಂದೇ. ಸ್ಯಾಪ್ ಒಳಗೆ ಕಾಲಿಡುವ ಮುನ್ನ, ಬಂದವರನ್ನು ಸರ್ವರ್‌ಗಳಿಗೆ ಹಂಚುವ ಲಾಗಾನ್ ಗುಂಪುಗಳು ಯಾವ ಯಾವುವಿವೆ ಎಂಬುದನ್ನು ಒಂದು ಪ್ರೋಗ್ರಾಮು ತಾನಾಗಿ ತಿಳಿಯಬಲ್ಲುದೇ? ಇದೂ ಒಂದು ವಿಷಯವೇ ಎನ್ನುವವರು ಸೋಮವಾರ ಬೆಳಿಗ್ಗೆ ಇಡೀ ಆಫೀಸು ಒಂದೇ ಸರ್ವರಿಗೆ ಮುಗಿಬಿದ್ದದ್ದನ್ನು ಕಾಣದವರು. ಅವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ.

ಜರ್ಮನಿಯಲ್ಲಿ 1972ರಲ್ಲಿ ಹುಟ್ಟಿದ, ಕಂಪನಿಗಳ ವ್ಯವಹಾರ ನಡೆಸುವ ಸಾಫ್ಟ್‌ವೇರ್ ಸ್ಯಾಪ್, 1992ರಲ್ಲಿ ಆರ್/3 ಅವತಾರ ತಾಳಿತು. ಏಕದಿಂದ ಅನೇಕವಾಯಿತು: ಮೇನ್‌ಫ್ರೇಮಿನ ಜಾಗಕ್ಕೆ ಹಲವು ಅಪ್ಲಿಕೇಶನ್ ಸರ್ವರ್‌ಗಳು ಬಂದವು. ಯಾರು ಎಲ್ಲಿಗೆ ಹೋಗಬೇಕೆಂಬ ಜಿಜ್ಞಾಸೆಯೂ ಜೊತೆಗೇ ಬಂತು.

ಪೂರ್ವಪಕ್ಷ. ಸ್ಯಾಪ್‌ನ ಸ್ವಂತ ಭಾಷೆಯಾದ ಅಬಾಪ್ ಪಂಥದವರು ಹೇಳುತ್ತಾರೆ: ಗುಂಪುಗಳನ್ನು ಕಟ್ಟುವುದು ಎಸ್ಎಂಎಲ್‌ಜಿ ಟ್ರಾನ್ಸಾಕ್ಷನ್ನಿನಲ್ಲಿ, ಅವು ಕೂತಿರುವುದು ಆರ್‌ಝಡ್‌ಎಲ್‌ಎಲ್‌ಐಟಿಎಬಿ ಎಂಬ ಟೇಬಲಿನಲ್ಲಿ, ಲಾಗಿನ್ ಆಗಿ ಓದಿಕೊಂಡರಾಯಿತು. ಆಕ್ಷೇಪ: ಲಾಗಿನ್ನಿಗೆ ಗುಂಪು ಬೇಕು, ಗುಂಪು ತಿಳಿಯಲು ಲಾಗಿನ್ ಬೇಕು. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯ ದೋಷ ಎಂದರು. ಹೆಲ್ಪ್‌ಡೆಸ್ಕಿನವರು ಟಿಕೆಟ್ ಹಾಕಿ ಎಂದರು. ಮೊದಲ ಸಲ ಒಂದು ಸರ್ವರಿಗೆ ನೇರವಾಗಿ ಹೋಗಬಹುದಲ್ಲ ಎಂದರೆ, ಆ ಸರ್ವರ್ ಮಲಗಿದ ದಿನ ಸಿದ್ಧಾಂತವೂ ಮಲಗುತ್ತದೆ.

ಜಾವಾ ಪ್ರೋಗ್ರಾಮನ್ನು ಸ್ಯಾಪ್‌ಗೆ ಜೋಡಿಸುವ ಜೆಕೋ ಕನೆಕ್ಟರ್ ಪಂಥದ್ದು ಇನ್ನೂ ಸೂಕ್ಷ್ಮ. ಮೆಸೇಜ್ ಸರ್ವರಿನ ಹೆಸರು, ಸಿಸ್ಟಮ್ಮಿನ ಹೆಸರು, ಗುಂಪಿನ ಹೆಸರು, ಮೂರನ್ನೂ ಕೊಡು, ಸೇರಿಸುತ್ತೇನೆ ಎನ್ನುತ್ತದೆ. ಸಾಧಿಸಬೇಕಾದದ್ದನ್ನೇ ಮುಂಗಡವಾಗಿ ಕೇಳುವ ಇದು ಸಾಧ್ಯಸಮ ಹೇತ್ವಾಭಾಸವೆಂಬುದು ನಮ್ಮ ಮತ.

ಸಿದ್ಧಾಂತ. ಕೇಳಬೇಕಾದದ್ದು ಮೆಸೇಜ್ ಸರ್ವರನ್ನೇ. ಮದುವೆ ಮನೆಯಲ್ಲಿ ಊಟದ ಹಾಲಿನ ಬಾಗಿಲಲ್ಲಿ ನಿಂತು "ಆ ಪಂಕ್ತೀಲಿ ಜಾಗ ಇದೆ, ಹೋಗಿ ಸ್ವಾಮಿ" ಎನ್ನುವ ಹಿರಿಯರಂತೆ ಅದು. ಬಡಿಸುವುದಿಲ್ಲ, ಗೊತ್ತುಮಾಡುತ್ತದೆ ಅಷ್ಟೆ. 3600ಕ್ಕೆ ಇನ್‌ಸ್ಟೆನ್ಸ್ ನಂಬರ್ ಕೂಡಿಸಿದರೆ ಸಾಮಾನ್ಯವಾಗಿ ಅದರ ಪೋರ್ಟು. ಸ್ಯಾಪ್‌ನವರದೇ ಎಲ್‌ಜಿಟಿಎಸ್‌ಟಿ ಎಂಬ ಪುಟ್ಟ ಪ್ರೋಗ್ರಾಮು ಅಲ್ಲಿಗೆ ಹೋಗಿ, ಪಾಸ್‌ವರ್ಡಿನ ಮಾತೇ ಎತ್ತದೆ, ಎದ್ದಿರುವ ಸರ್ವರ್‌ಗಳನ್ನೂ ಗುಂಪುಗಳನ್ನೂ ಪಟ್ಟಿಮಾಡಿ ತರುತ್ತದೆ. ಅದನ್ನು ನಮ್ಮ ಪ್ರೋಗ್ರಾಮಿನೊಳಗಿಂದ ಓಡಿಸಿ, ಉಗುಳಿದ ಪಠ್ಯವನ್ನು ಸಾಲುಸಾಲಾಗಿ ಕತ್ತರಿಸಿಕೊಂಡರೆ ಇಂಟರ್‌ಫೇಸ್ ಎನಿಸೀತೇ? ಕತ್ತರಿಸಿದವರು ಹೌದೆನ್ನುತ್ತಾರೆ. ಆ ಕೋಡನ್ನು ಆಮೇಲೆ ನೋಡಿಕೊಳ್ಳಬೇಕಾದವರ ಅಭಿಪ್ರಾಯ ಅಚ್ಚಿಗೆ ಯೋಗ್ಯವಲ್ಲ.

ಪರಿಶಿಷ್ಟ ವಿಚಾರ: ಗುಂಪಿನಲ್ಲಿ ಯಾವ ಸರ್ವರ್ ಹಗುರ ಎಂಬುದು ಪ್ರತಿಕ್ರಿಯೆಯ ವೇಗ, ಒಳಗಿರುವ ಮಂದಿಯ ಎಣಿಕೆ ಇವುಗಳಿಂದ ತೀರ್ಮಾನವಾಗುತ್ತದೆ. ಆದರೆ ಒಮ್ಮೆ ಕೂತವನು ಲಾಗಾಫ್ ಆಗುವವರೆಗೆ ಅಲ್ಲೇ. ಪುನರ್ಜನ್ಮವಿಲ್ಲದೆ ಪಂಕ್ತಿ ಬದಲಿಲ್ಲ.

ಇನ್ನು ಲೋಕಾಚಾರ. ಬೆಂಗಳೂರಿನ ಆಫೀಸುಗಳಲ್ಲಿ ಪ್ರತ್ಯಕ್ಷವನ್ನೂ ಅನುಮಾನವನ್ನೂ ಬದಿಗಿಟ್ಟು ಶಬ್ದಪ್ರಮಾಣಕ್ಕೇ ಶರಣಾಗುವ ರೂಢಿಯಿತ್ತು: ಪಕ್ಕದ ಸೀಟಿನವರಿಂದ ಸ್ಯಾಪ್‌ಲಾಗಾನ್ ಡಾಟ್ ಐಎನ್ಐ ಫೈಲನ್ನು ಕಾಪಿ ಮಾಡಿಕೊಳ್ಳುವುದು. ಅವರು ಅದನ್ನು ಇನ್ನೊಬ್ಬರಿಂದ ಪಡೆದಿರುತ್ತಿದ್ದರು, ಆ ಇನ್ನೊಬ್ಬರು ಮತ್ತೊಬ್ಬರಿಂದ. ಮೂಲದಲ್ಲಿ ಬರೆದವರು ಯಾರೆಂದು ಯಾರಿಗೂ ನೆನಪಿಲ್ಲದ ಕಾರಣ ಆ ಫೈಲು ಅಪೌರುಷೇಯ.