ಸೈಕಲ್ ಮೋಟಾರು ಮೀಮಾಂಸೆ (ಸಂತೆಕಲ್ಲೂರು ಪಾಠ)

ಶಾಸ್ತ್ರಗ್ರಂಥ ಎಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಹೇಳದಿದ್ದರೆ ಓದುಗರಿಗೆ ನಡುವೆ ಎದ್ದುಹೋಗುವ ಹಕ್ಕು ಬರುತ್ತದೆ. ಪ್ರಸ್ತುತ ಗ್ರಂಥಕ್ಕೆ ಅಧಿಕಾರಿ ಯಾರೆಂದರೆ, ದನದ ಕೊಟ್ಟಿಗೆಯಲ್ಲಿ ಅಜ್ಜನ ರಾಡ್ ಬ್ರೇಕಿನ ಸೈಕಲ್ಲು, ಮೊಬೈಲಿನಲ್ಲಿ 1910ರ ದಶಕದ ಅಮೆರಿಕದ ರೇಸ್ ಗಾಡಿಯ ಚಿತ್ರ, ಇವೆರಡರ ನಡುವೆ ಸಿಕ್ಕಿ ನಿದ್ದೆಗೆಟ್ಟ ತರುಣ. ವಿಷಯ, ಮೊದಲನೆಯದನ್ನು ಎರಡನೆಯದಾಗಿ ಮಾಡುವುದು. ಪ್ರಯೋಜನ, ಮಸ್ಕಿಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದಾಗ ಗಾಡಿ ತಿರುಗಿಸದೆ ನಿಂತು ಉತ್ತರ ಕೊಡುವ ಧೈರ್ಯ. ಸಂಬಂಧ, ವೆಲ್ಡಿಂಗ್ ಅಂಗಡಿಯ ಉದ್ರಿ ಖಾತೆ.

ಇಂಥ ಗ್ರಂಥ ಬೆಂಗಳೂರಿನಲ್ಲಿ ಹುಟ್ಟಬೇಕಿತ್ತು, ರಾಯಚೂರು ಜಿಲ್ಲೆಯ ಸಂತೆಕಲ್ಲೂರಿನಲ್ಲಿ ಯಾಕೆ ಎಂಬುದು ಪೂರ್ವಪಕ್ಷ. ಸಮಾಧಾನ ಸುಲಭ. ಘನಮಠದ ನಾಗಭೂಷಣ ಶಿವಯೋಗಿಗಳು ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಊರು ಇದು. ಒಕ್ಕಲುತನವನ್ನೇ ಶಾಸ್ತ್ರವೆಂದು ಎತ್ತಿ ಹಿಡಿದ ನೆಲದಲ್ಲಿ ಬ್ರಷ್ ಕಟರಿನ ಎಂಜಿನ್ನಿನ ಬಗ್ಗೆ ಒಂದು ಅನುಬಂಧ ಬಾಕಿ ಉಳಿದಿತ್ತು, ಅಷ್ಟೆ. ಇನ್ನು ಪ್ರಯೋಗಶಾಲೆಯ ಮಾತಿಗೆ ಬಂದರೆ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದಿಂದ ಬೆಳೆದ ಸಿಂಧನೂರು ಹತ್ತಿರವೇ ಇದೆ. ಟ್ರ್ಯಾಕ್ಟರಿನ ಮುರಿದ ಶಾಫ್ಟನ್ನು ಜೋಡಿಸಿಕೊಡುವ ಲೇತ್ ಅಂಗಡಿಯವರಿಗೆ ಸೈಕಲ್ಲಿನ ಬುಶ್ ತಿರುವುದು ಚಹಾ ಆರುವಷ್ಟರ ಕೆಲಸ.

ಮತದ ಗುರುಪರಂಪರೆ ಉದ್ದವಾಗಿದೆ. ಆದಿಯಲ್ಲಿ ಅಮೆರಿಕದ ಸಿಲ್ವೆಸ್ಟರ್ ರೋಪರ್ ಎರಡು ಗಾಲಿಯ ಮೇಲೆ ಉಗಿಯಂತ್ರ ಕೂರಿಸಿದರು. 1896ರಲ್ಲಿ ತಮ್ಮ ಉಗಿ ಸೈಕಲ್ಲನ್ನು ಓಡಿಸುತ್ತಿರುವಾಗಲೇ ತೀರಿಕೊಂಡರು. 1885ರಲ್ಲಿ ಜರ್ಮನಿಯ ಡೈಮ್ಲರ್ ಕಟ್ಟಿಗೆಯ ಚೌಕಟ್ಟಿಗೆ ಪೆಟ್ರೋಲ್ ಎಂಜಿನ್ ಬಿಗಿದರು. ಆದರೆ ಸಂತೆಕಲ್ಲೂರು ಪಾಠಕ್ಕೆ ನಿಜವಾದ ಮೂಲಪುರುಷರು ಸೋಯಿಚಿರೋ ಹೊಂಡಾ. ಯುದ್ಧ ಮುಗಿದ ಜಪಾನಿನಲ್ಲಿ ಬಸ್ಸಿಲ್ಲ, ರೈಲು ತುಂಬಿ ತುಳುಕುತ್ತಿತ್ತು. 1946ರಲ್ಲಿ ಅವರು ಸೇನೆಯ ವೈರ್‌ಲೆಸ್ ಜನರೇಟರುಗಳ ಅಳಿದುಳಿದ ಪುಟ್ಟ ಎಂಜಿನ್ನುಗಳನ್ನು ಕೊಂಡು ಸೈಕಲ್ಲಿಗೆ ಕಟ್ಟಿ ಮಾರಿದರು. ಕಂಪನಿ ಬೆಳೆಯಿತು, ಕಾರು ಮಾಡಿತು, ಹುಲ್ಲು ಕತ್ತರಿಸುವ ಮಷಿನ್ನಿಗೂ ಎಂಜಿನ್ ಮಾಡಿತು. ಆ ಎಂಜಿನ್ನನ್ನು ಬಿಚ್ಚಿ ಮತ್ತೆ ಸೈಕಲ್ಲಿಗೆ ಕಟ್ಟುವವನು ಹೊಸದೇನೂ ಮಾಡುತ್ತಿಲ್ಲ. ಕಂಪನಿಯನ್ನು ತವರಿಗೆ ಕರೆತರುತ್ತಿದ್ದಾನೆ.

ಇನ್ನು ರೂಪಲಕ್ಷಣ. ಹಳೆಯ ಕಾಲದ ಚೆಲುವು ಬರಬೇಕಾದರೆ ಚೌಕಟ್ಟಿನ ಮೇಲಿನ ಪೈಪಿನ ಕೆಳಗೆ ಉದ್ದನೆಯ ಚಪ್ಪಟೆ ಟ್ಯಾಂಕ್, ಕೆಳಕ್ಕೆ ಬಾಗಿದ ಹ್ಯಾಂಡಲ್, ಚರ್ಮದ ಸೀಟು ಇರಬೇಕೆಂದು ಚಿತ್ರಪ್ರಮಾಣ ಹೇಳುತ್ತದೆ. ಆ ಚಿತ್ರಗಳಲ್ಲಿರುವವು ಹಲಗೆ ಹಾಸಿದ ಬಟ್ಟಲಿನಾಕಾರದ ಓಟದ ಕಣದಲ್ಲಿ ಓಡುತ್ತಿದ್ದ ಗಾಡಿಗಳು. ಅವುಗಳಿಗೆ ಬ್ರೇಕೇ ಇರಲಿಲ್ಲ ಎಂಬ ಸಂಗತಿ ಚಿತ್ರದಲ್ಲಿ ಕಾಣುವುದಿಲ್ಲ. ಸಂಪ್ರದಾಯ ನಿಷ್ಠರು ಅಲ್ಲಿಯವರೆಗೂ ಹೋಗಬಯಸಿದರೆ, ಲಿಂಗಸುಗೂರು–ಸಿಂಧನೂರು ರಸ್ತೆಯಲ್ಲಿ ಎದುರಿಗೆ ಬರುವ ಭತ್ತದ ಲಾರಿ ಅವರ ನಿಷ್ಠೆಯನ್ನು ಪರೀಕ್ಷಿಸುತ್ತದೆ.

ಬ್ರೇಕಿನ ಪ್ರಕರಣ ಸ್ವಲ್ಪ ನಿಧಾನವಾಗಿ ಓದಬೇಕಾದದ್ದು. ತುಳಿಯುವ ಸೈಕಲ್ಲು ತಾಸಿಗೆ 15 ಕಿ.ಮೀ. ಓಡುತ್ತದೆ. ಎಂಜಿನ್ ಕೂರಿಸಿದರೆ 45. ವೇಗ ಮೂರು ಪಟ್ಟು ಆದಾಗ ಬ್ರೇಕು ನುಂಗಬೇಕಾದ ಶಕ್ತಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ರಾಡ್ ಬ್ರೇಕಿನ ಎರಡು ರಬ್ಬರ್ ತುಂಡುಗಳು ರಿಮ್ಮಿನ ಒಳಮೈಗೆ ತಾಗಿ ನಿಲ್ಲಿಸುವ ಏರ್ಪಾಟು ಮೇಷ್ಟ್ರು ಶಾಲೆಗೆ ಹೋಗುವ ವೇಗಕ್ಕೆ ಮಾಡಿದ್ದು. ಮಳೆ ಬಿದ್ದು ರಿಮ್ಮು ತೋಯ್ದರೆ ಆ ವೇಗಕ್ಕೂ ಸಾಲದು. ಆದ್ದರಿಂದ ಡ್ರಮ್ ಬ್ರೇಕಿನ ಹಬ್ಬು, ದಪ್ಪ ಕಡ್ಡಿ, ಗಟ್ಟಿ ಫೋರ್ಕು, ಇವು ಮೂರು ಮೊದಲು. ಟ್ಯಾಂಕಿನ ಬಣ್ಣ ಆಮೇಲೆ. ಲೋಕರೂಢಿ ಇದಕ್ಕೆ ತದ್ವಿರುದ್ಧ. ಮೊದಲು ಬಣ್ಣ, ಆಮೇಲೆ ಫೋಟೋ, ಬ್ರೇಕಿನ ಚಿಂತೆ ಮೊದಲ ಸಲ ಬಿದ್ದ ಗಾಯ ಒಣಗಿದ ಮೇಲೆ.

ಆನ್‌ಲೈನಿನಲ್ಲಿ ಬರುವ ಟೂ ಸ್ಟ್ರೋಕ್ ಕಿಟ್ಟಿನ ವಿಚಾರವನ್ನೂ ಇಲ್ಲೇ ಮುಗಿಸಬಹುದು. ಡಬ್ಬದ ಮೇಲೆ 80 ಸಿಸಿ ಎಂದಿರುತ್ತದೆ. ಒಳಗಿನ ಸಿಲಿಂಡರಿನ ವ್ಯಾಸ 47 ಮಿ.ಮೀ., ಪಿಸ್ಟನ್ನಿನ ಓಟ 38 ಮಿ.ಮೀ.; ಗುಣಿಸಿದರೆ ಬರುವುದು 66. ಉಳಿದ ಹದಿನಾಲ್ಕು ಸಿಸಿಗಳು ಎಲ್ಲಿ ಹೋದವು ಎಂಬುದು ಮಾಯಾವಾದಿಗಳಿಗೆ ಬಿಟ್ಟ ಪ್ರಶ್ನೆ. ಕಿಟ್ಟಿನ ದೊಡ್ಡ ಹಲ್ಲಿನ ಚಕ್ರವನ್ನು ಹಿಂದಿನ ಗಾಲಿಯ ಎಡಗಡೆ ಕೂರಿಸಬೇಕು. ಕಡ್ಡಿಗಳ ಆಚೆಗೊಂದು ಈಚೆಗೊಂದು ರಬ್ಬರ್ ಬಿಲ್ಲೆ ಇಟ್ಟು, ನಡುವೆ ಒಂಬತ್ತು ಬೋಲ್ಟು ತೂರಿಸಿ ಬಿಗಿಯುತ್ತಾರೆ. ಒಂದು ಬೋಲ್ಟು ಒಂದೂವರೆ ಸುತ್ತು ಹೆಚ್ಚು ಬಿಗಿದರೂ ಚಕ್ರ ವಾಲುತ್ತದೆ, ಚೈನು ಕಳಚುತ್ತದೆ, ಕಳಚಿದ ಚೈನು ಕಡ್ಡಿಗೆ ಸಿಕ್ಕಿ ಗಾಲಿ ಅಲ್ಲಿಯೇ ಲಾಕು. ಬಲಗಡೆ ಪೆಡಲಿನ ಚೈನು, ಎಡಗಡೆ ಎಂಜಿನ್ನಿನ ಚೈನು. ಪಂಚೆ ಉಟ್ಟವರಿಗೆ ಎರಡೂ ಕಡೆ ಅಪಾಯ.

ಈಗ ಮುಖ್ಯ ಅಧ್ಯಾಯ. 1988ರ ಮೋಟಾರು ವಾಹನ ಕಾಯ್ದೆಯ 2ನೆಯ ಸೆಕ್ಷನ್ನು, 28ನೆಯ ಖಂಡ, ಮೋಟಾರು ವಾಹನ ಎಂದರೆ ಏನು ಎಂದು ಹೇಳುವಾಗ ಏನಲ್ಲ ಎಂಬುದನ್ನೂ ಹೇಳುತ್ತದೆ. ನಾಲ್ಕಕ್ಕಿಂತ ಕಡಿಮೆ ಗಾಲಿ ಇದ್ದು, ಎಂಜಿನ್ನಿನ ಗಾತ್ರ 25 ಘನ ಸೆಂಟಿಮೀಟರು ಮೀರದಿದ್ದರೆ ಅದು ಮೋಟಾರು ವಾಹನವಲ್ಲ. ಇದರಿಂದ ಹೊರಡುವ ಸೂತ್ರ: ಇಪ್ಪತ್ತೈದರೊಳಗೆ ಇದ್ದರೂ ಇಲ್ಲ. ಭಾಷ್ಯ: ಅದಕ್ಕೆ ನೋಂದಣಿ ಬೇಡ, ಓಡಿಸುವವನಿಗೆ ಲೈಸೆನ್ಸು ಬೇಡ, ರಾಯಚೂರಿನ ಕೆಎ–36 ಫಲಕವೂ ಬೇಡ. ನ್ಯಾಯಶಾಸ್ತ್ರದವರು ದೂರದ ಬೆಟ್ಟ ತೋರಿಸಿ ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂದು ಸಾವಿರಾರು ವರ್ಷ ಅನುಮಾನ ಕಲಿಸಿದರು. ಇಲ್ಲಿ ಹೊಗೆಯೂ ಇದೆ, ಬೆಂಕಿಯೂ ಇದೆ, ವಾಹನ ಮಾತ್ರ ಇಲ್ಲ. ಇಲ್ಲದ ವಾಹನಕ್ಕೆ ವಾಹನ ವಿಮೆಯೂ ಸಿಗುವುದಿಲ್ಲ. ಯಾರಿಗಾದರೂ ಗುದ್ದಿದರೆ ಪರಿಹಾರ ಸವಾರನ ಸ್ವಂತ ಜೇಬಿನಿಂದಲೇ ಹೋಗಬೇಕು. ಈ ವಾಕ್ಯದಲ್ಲಿ ಅಣಕವಿಲ್ಲ.

ಇಪ್ಪತ್ತೈದು ಎಂದರೆ ಎಷ್ಟು ಎಂಬಲ್ಲಿ ಪಂಡಿತರ ಜಗಳ ಶುರುವಾಗುತ್ತದೆ. ಬ್ರಷ್ ಕಟರಿನಲ್ಲಿರುವ ಹೊಂಡಾ ಜಿಎಕ್ಸ್25 ಎಂಜಿನ್ನಿನ ಸಿಲಿಂಡರು 35 ಮಿ.ಮೀ. ವ್ಯಾಸದ್ದು, ಓಟ 26 ಮಿ.ಮೀ. ಕಂಪನಿಯ ಪಟ್ಟಿಯಲ್ಲಿ ಗಾತ್ರ ದುಂಡಗೆ 25 ಎಂದಿದೆ. ಆದರೆ ಆರ್ಯಭಟನ 3.1416 ಹಾಕಿ ಗುಣಿಸಿದರೆ 25.015 ಬರುತ್ತದೆ. ಕನ್ನಡ ಶಾಲೆಯ 22/7 ಹಾಕಿದರೆ 25.025. ಅಂದರೆ ಸಾಸಿವೆ ಕಾಳಿನಷ್ಟು ಅಪರಾಧ. ಹತಾಶರಾಗುವ ಮೊದಲು ನಮ್ಮದೇ ಸೀಮೆಯ ಪ್ರಮಾಣಗ್ರಂಥ ನೋಡಬೇಕು. ಮಳಖೇಡದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ವೃತ್ತಕ್ಕೆ ಎರಡು ಲೆಕ್ಕ ಕೊಟ್ಟಿದ್ದಾರೆ: ಸ್ಥೂಲಕ್ಕೆ 3, ಸೂಕ್ಷ್ಮಕ್ಕೆ ಹತ್ತರ ವರ್ಗಮೂಲ. ಸ್ಥೂಲಮತದಲ್ಲಿ ಈ ಎಂಜಿನ್ನು 23.89 ಸಿಸಿ, ಹಾಯಾಗಿ ಕಾನೂನಿನೊಳಗೆ. ಸೂಕ್ಷ್ಮಮತದಲ್ಲಿ 25.18, ನೇರ ಠಾಣೆಗೆ. ಒಂದೇ ಗ್ರಂಥ, ಒಬ್ಬರೇ ಆಚಾರ್ಯರು, ಒಂದು ಶ್ಲೋಕದಲ್ಲಿ ಬಿಡುಗಡೆ, ಇನ್ನೊಂದರಲ್ಲಿ ದಂಡ. ರಸ್ತೆಯಲ್ಲಿ ನಿಂತ ಪೊಲೀಸರು ಸ್ಥೂಲವಾದಿಗಳಾಗಿರಲಿ ಎಂದು ಹಾರೈಸುವುದೇ ಕ್ಷೇಮ. ಅವರಲ್ಲಿ ವರ್ನಿಯರ್ ಕ್ಯಾಲಿಪರ್ ಇರುವುದಿಲ್ಲ, ಲಾಠಿ ಇರುತ್ತದೆ.

ಚಿಕ್ಕದಕ್ಕೆ ಸಲ್ಲುವ ಈ ರಿಯಾಯಿತಿಗೆ ಶಾಸನಾಧಾರ ಬೇಕೆನ್ನುವವರಿಗೆ ಮಸ್ಕಿಯ ಬಂಡೆ ಇದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಚಿನ್ನ ಹುಡುಕಲು ಬಂದು ಅಶೋಕನನ್ನು ಕಂಡರು. ದೇವಾನಾಂಪಿಯ ಎಂಬ ಬಿರುದಿನ ಹಿಂದೆ ಇದ್ದವನು ಅಶೋಕನೇ ಎಂದು ಹೆಸರಿಟ್ಟು ಹೇಳಿದ್ದು ಆ ಶಾಸನ. ಅದರ ತಾತ್ಪರ್ಯದಲ್ಲಿ, ಈ ಗುರಿ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಸಣ್ಣವರೂ ಮುಟ್ಟಬಲ್ಲರು ಎಂಬ ಮಾತಿದೆ. ಇತಿಹಾಸಕಾರರು ಇದನ್ನು ಧರ್ಮಾಚರಣೆಯ ಬಗ್ಗೆ ಎಂದು ಓದುತ್ತಾರೆ. ಸಂತೆಕಲ್ಲೂರು ಪಾಠ ಇದನ್ನು ಅಶ್ವಶಕ್ತಿಯ ಬಗ್ಗೆ ಎಂದು ಓದುತ್ತದೆ. ಈ ಎಂಜಿನ್ನಿಗಿರುವುದು ಒಂದೇ ಕುದುರೆಯ ಬಲ, ಅದೂ ನಿಮಿಷಕ್ಕೆ 7,000 ಸುತ್ತು ತಿರುಗಿದಾಗ. ತಾಸಿಗೆ 25 ಕಿ.ಮೀ. ಓಟದಲ್ಲಿ 28 ಇಂಚಿನ ಗಾಲಿ ತಿರುಗುವುದು ನಿಮಿಷಕ್ಕೆ 190 ಸುತ್ತಿನ ಆಸುಪಾಸು. ನಡುವಿನ ಮೂವತ್ತೇಳು ಪಟ್ಟನ್ನು ಹಲ್ಲಿನ ಚಕ್ರಗಳಲ್ಲಿ ಇಳಿಸಬೇಕು. ಸಿಂಧನೂರಿನ ಲೇತ್ ಅಂಗಡಿ ಕಲೆ ತೋರಿಸಬೇಕಾದದ್ದು ಇಲ್ಲಿ. ಏರು ಬಂದರೆ ಪೆಡಲು ತುಳಿಯಬೇಕು. ಸಣ್ಣವರು ಗುರಿ ಮುಟ್ಟುತ್ತಾರೆ, ಬೆವರಿ ಮುಟ್ಟುತ್ತಾರೆ.

ಇಪ್ಪತ್ತಾರನೆಯ ಸಿಸಿಯಿಂದ ಬೇರೆ ಲೋಕ. ಅಲ್ಲಿಯ ಸಂವಾದವನ್ನು ಉಪನಿಷತ್ತಿನ ಕ್ರಮದಲ್ಲಿ ಕೊಡುವುದು ಉಚಿತ.

ಶಿಷ್ಯ: “ಮಾವ, ಈ ಅರವತ್ತಾರರ ಇಂಜಿನ್ನಿಗೆ ನಂಬರ್ ಮಾಡಸೂಣು.”

ಮಿಸ್ತ್ರಿ: “ಮಾಡಸು. ಫಾರಂ ಇಪ್ಪತ್ತು ನೀ ತುಂಬತಿ. ಇಪ್ಪತ್ತೊಂದು ಮಾರಿದಾವ ಕೊಡಬೇಕು. ಇಪ್ಪತ್ತೆರಡು ಕಂಪನಿಯವ ಕೊಡಬೇಕು, ಗಾಡಿ ರಸ್ತಾಕ ಯೋಗ್ಯ ಐತಿ ಅಂತ. ಕಂಪನಿ ಯಾವುದು?”

ಶಿಷ್ಯ: “ನೀನ ಅಲ್ಲೇನು?”

ಮಿಸ್ತ್ರಿ ವೆಲ್ಡಿಂಗ್ ಕನ್ನಡಕ ಕೆಳಗೆ ಎಳೆದುಕೊಂಡ ಎಂಬಲ್ಲಿಗೆ ಸಂವಾದ ಮುಗಿಯುತ್ತದೆ.

ಮಿಸ್ತ್ರಿ ಕಂಪನಿ ಆಗಬೇಕಾದರೆ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ ಮಾದರಿ ಗಾಡಿಯನ್ನು ಪುಣೆಯ ಎಆರ್‌ಎಐ ಥರದ ಪರೀಕ್ಷಾ ಸಂಸ್ಥೆಗೆ ಒಪ್ಪಿಸಿ, ಬ್ರೇಕು, ದೀಪ, ಹೊಗೆ, ಸದ್ದು ಎಲ್ಲದರಲ್ಲೂ ಪಾಸಾಗಬೇಕು. ಸಾವಿರಾರು ಗಾಡಿ ಮಾರುವವರಿಗೆ ಆ ಖರ್ಚು ಹಂಚಿಹೋಗುತ್ತದೆ. ಒಂದೇ ಗಾಡಿ ಮಾಡುವವನಿಗೆ ಹೊಲ ಹೋಗುತ್ತದೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಒಂದೇ ಒಂದು ಗಾಡಿ ಕಟ್ಟಿದವರಿಗೂ ಬಿಡಿಯಾಗಿ ಪರೀಕ್ಷೆ ಮಾಡಿ ನಂಬರು ಕೊಡುವ ದಾರಿ ಇದೆ. ನಮ್ಮಲ್ಲಿ ಹವ್ಯಾಸಿಗೆ ಅಂಥ ಕಿಟಕಿ ತೆರೆದಿಲ್ಲ, ತೆರೆಯಬೇಕು. ಹಾಗೆಂದು ನೋಂದಣಿಯಾದ ಹಳೆಯ ಗಾಡಿಯನ್ನು ಕೊಯ್ದು ಹೊಸ ರೂಪ ಕೊಡುವುದೂ ಉಪಾಯವಲ್ಲ. ಕಾಯ್ದೆಯ 52ನೆಯ ಸೆಕ್ಷನ್ನು ಅದನ್ನು ತಡೆಯುತ್ತದೆ. ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸ ಬರುವಂತೆ ಬದಲಾಯಿಸಕೂಡದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ನಿನಂತೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಬ್ಯಾಟರಿ ಮತದವರು ಇದೆಲ್ಲ ನಮಗೆ ತಾಗುವುದಿಲ್ಲ ಎನ್ನುತ್ತಾರೆ. ಅರ್ಧ ಸರಿ. ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ತಾಸಿಗೆ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ಅದೂ ಮೋಟಾರು ವಾಹನವಲ್ಲ. ಆದರೆ ಅಲ್ಲ ಎಂಬುದನ್ನು ಅದೇ ಪರೀಕ್ಷಾ ಸಂಸ್ಥೆ ಖಾತ್ರಿ ಮಾಡಬೇಕು. ಹೊಗೆ ಉಗುಳುವ ಪುಟ್ಟ ಎಂಜಿನ್ನು ವ್ಯಾಖ್ಯಾನದಿಂದಲೇ ಪಾರು. ಸದ್ದಿಲ್ಲದ ಬ್ಯಾಟರಿ ಸೈಕಲ್ಲು ತಾನು ಇಲ್ಲ ಎಂದು ಸಾಬೀತು ಮಾಡಲು ಪುಣೆಯ ದಾರಿ ಹಿಡಿಯಬೇಕು. ಶೂನ್ಯವಾದಿಗಳಿಗೂ ಇಷ್ಟು ತೊಂದರೆ ಇರಲಿಲ್ಲ.

ಹಾಗಾದರೆ ಹಳೆಯ ಚೆಲುವೂ ಬೇಕು, ನಂಬರೂ ಬೇಕು ಎನ್ನುವವನಿಗೆ ಗತಿ ಏನು? ಇಲ್ಲಿ ಸಿದ್ಧಾಂತಿಯ ಬೆರಳು ಗುಜರಿ ಅಂಗಡಿಯ ಕಡೆ ತಿರುಗುತ್ತದೆ. ಪೆಡಲೂ ಎಂಜಿನ್ನೂ ಕೂಡಿಯೇ ಹುಟ್ಟಿದ, ಸರಕಾರ ಒಪ್ಪಿ ನಂಬರು ಕೊಟ್ಟ ಸೈಕಲ್ ಮೋಟಾರು ಈ ದೇಶದಲ್ಲಿ ಆಗಲೇ ಬಂದುಹೋಗಿದೆ. ಕೈನೆಟಿಕ್ ಕಂಪನಿ ಇಟಲಿಯ ಪಿಯಾಜಿಯೊದ ಮಾದರಿಯ ಮೇಲೆ 1972ರಲ್ಲಿ ತಂದ 50 ಸಿಸಿಯ ಲೂನಾ ಅದು. 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ಗಾಡಿಗಳ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಕಟ್ಟಿದರೆ ರಾಜ್ಯದ ಅಕ್ಷರಗಳ ಪಕ್ಕದಲ್ಲಿ ‘ವಿಎ’ ಎಂದು ಬರೆದ ಫಲಕ ಸಿಗುತ್ತದೆ. ಮೊದಲ ಲೂನಾಗಳಿಗೆ 2022ರಲ್ಲಿ ಆ ಯೋಗ್ಯತೆ ಬಂತು. ಯೋಗ್ಯತೆ ಬಂದ ಮೇಲೆ ದಿನನಿತ್ಯದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ, ಪ್ರದರ್ಶನಕ್ಕೋ ರ್‍ಯಾಲಿಗೋ ಹೋಗಬಹುದು. ಹಳತಿನಂತೆ ಕಾಣುವ ಹೊಸ ಗಾಡಿಗೆ ನಂಬರಿಲ್ಲ, ನಿಜವಾದ ಹಳೆಯ ಗಾಡಿಗೆ ನಂಬರಿದೆ, ಕೆಲಸವಿಲ್ಲ.

ಕೆಲಸವಿರುವುದು ಟಿವಿಎಸ್‌ಗೆ. 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50, ಅದರ ವಂಶದ ಎಕ್ಸೆಲ್, ಇವೇ ಈ ಸೀಮೆಯ ಹೊಲದ ದಾರಿಗಳ ಖಾಯಂ ಸವಾರಿ: ಮುಂದೆ ಗೊಬ್ಬರ, ಹಿಂದೆ ಮೇವು, ನಡುವೆ ಎಲ್ಲೋ ಮನುಷ್ಯ. ಮೊದಲ ಟಿವಿಎಸ್ 50ಗಳಿಗೆ 2030ರಲ್ಲಿ ಐವತ್ತು ತುಂಬುತ್ತದೆ. ಮೂಲ ರೂಪದ ಷರತ್ತು ಆಗ ಇವುಗಳಿಗೂ ಬರುತ್ತದೆ, ಹಿಂದೆ ಬೆಸೆದ ಕಬ್ಬಿಣದ ಕ್ಯಾರಿಯರ್ ತೆಗೆಸಬೇಕಾಗುತ್ತದೆ ಎಂದು ಶಾಸ್ತ್ರಕಾರರು ತಿಳಿಸಿದಾಗ ಮಿಸ್ತ್ರಿ ತಕರಾರೇನೂ ಮಾಡಲಿಲ್ಲ.

“ತಗೀಬಹುದ್ರಿ, ಹತ್ತು ನಿಮಿಷದ ಕೆಲಸ. ಚೀಲ ಯಾರ ತಲಿ ಮ್ಯಾಲ ಇಡೂಣು, ಅದನ್ನೂ ಬರದಾರೇನು?”